ಒಂದು ಪೊಟ್ಟಣ, ಮೂರು ಲಿಪಿ: ಕಾಸರಗೋಡಿನ ಸಣ್ಣ ತಯಾರಕರಿಗೆ ಪ್ಯಾಕೆಟ್ ವಿನ್ಯಾಸದ ಕೈಪಿಡಿ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಹಲಸಿನಕಾಯಿ ಹಪ್ಪಳ, ಪುನರ್ಪುಳಿ ಶರಬತ್ತು, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ ಮೊದಲಾದವುಗಳನ್ನು ಮನೆಯಲ್ಲೋ ಸ್ವಸಹಾಯ ಸಂಘದಲ್ಲೋ ತಯಾರಿಸಿ ಮಾರುವವರ ಪೊಟ್ಟಣಕ್ಕೆ ಬೇರೆ ಊರುಗಳವರಿಗಿಲ್ಲದ ಒಂದು ಹೊಣೆ ಇದೆ. ಬದಿಯಡ್ಕದಲ್ಲಿ ಕಟ್ಟಿದ ಪೊಟ್ಟಣವು ಉತ್ತರಕ್ಕೆ ಹೋದರೆ ಮಂಗಳೂರಿನ ಕನ್ನಡ ಓದುಗರನ್ನು ತಲುಪುತ್ತದೆ, ದಕ್ಷಿಣಕ್ಕೆ ಹೋದರೆ ಕಾಞಂಗಾಡಿನ ಮತ್ತು ಕಣ್ಣೂರಿನ ಮಲಯಾಳ ಓದುಗರನ್ನು ತಲುಪುತ್ತದೆ, ಎಲ್ಲಿಗೇ ಹೋದರೂ ಕಾನೂನು ಕೇಳುವ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಅದರ ಮೇಲೆ ಇರಲೇಬೇಕಾಗುತ್ತದೆ. ಹೀಗೆ ಅಂಗೈ ಅಗಲದ ಜಾಗದಲ್ಲಿ ಮೂರು ಲಿಪಿಗಳು ಬಂದು ಸೇರುತ್ತವೆ. ಮೂರನ್ನೂ ಒಂದೇ ಗಾತ್ರದಲ್ಲಿ, ಒಂದೇ ದಪ್ಪದಲ್ಲಿ ತುಂಬಿದ ಪೊಟ್ಟಣಗಳನ್ನು ನಮ್ಮ ಅಂಗಡಿಗಳಲ್ಲಿ ದಿನವೂ ಕಾಣಬಹುದು. ಅವುಗಳಲ್ಲಿ ಯಾವ ಲಿಪಿಯೂ ಕಣ್ಣಿಗೆ ನಿಲ್ಲುವುದಿಲ್ಲ. ಕೊಳ್ಳುವವರ ಕಣ್ಣು ಯಾವುದನ್ನು ಮೊದಲು, ಯಾವುದನ್ನು ಎರಡನೆಯದಾಗಿ, ಯಾವುದನ್ನು ಕೊನೆಗೆ ಓದಬೇಕು ಎಂಬುದನ್ನು ನಿರ್ಧರಿಸುವುದೇ ಪ್ಯಾಕೆಟ್ ವಿನ್ಯಾಸದ ಮುಖ್ಯ ಕೆಲಸವಾಗಿದ್ದು, ಬಣ್ಣ, ಚಿತ್ರ, ಅಲಂಕಾರಗಳೆಲ್ಲ ಆ ನಿರ್ಧಾರಕ್ಕೆ ನೆರವಾಗುವ ಸಾಧನಗಳು ಮಾತ್ರ.

ವಿವರಣೆಗೆ ಅನುಕೂಲವಾಗಲೆಂದು 200 ಗ್ರಾಂ ತೂಕದ ಹಲಸಿನಕಾಯಿ ಹಪ್ಪಳದ ಒಂದು ಪೊಟ್ಟಣವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉಳಿದ ಉತ್ಪನ್ನಗಳಿಗೂ ಕ್ರಮ ಇದೇ. ಅಳತೆಗಳು ಮತ್ತು ಹೊದಿಕೆಯ ವಸ್ತು ಮಾತ್ರ ಬದಲಾಗುತ್ತವೆ.

ಕಂಪ್ಯೂಟರಿನ ಮುಂದೆ ಕೂರುವ ಮೊದಲು

ವಿನ್ಯಾಸವು ಉತ್ಪನ್ನದ ಸ್ವಭಾವದಿಂದ ಶುರುವಾಗಬೇಕು. ಹಪ್ಪಳವು ತೆಳುವಾದ, ದುಂಡಗಿನ, ಸುಲಭವಾಗಿ ಮುರಿಯುವ ವಸ್ತು. ಮಾರ್ಚ್‌ನಿಂದ ಮೇ ತನಕದ ಬಿಸಿಲಿಗೆ ಒಣಗಿಸಿದ ಅದನ್ನು ಹೆಚ್ಚಿನವರು ತಿನ್ನುವುದು ಮಳೆಗಾಲದಲ್ಲಿ, ಅಂದರೆ ಗಾಳಿಯಲ್ಲಿ ತೇವಾಂಶ ಅತಿ ಹೆಚ್ಚಾಗಿರುವ ಜೂನ್, ಜುಲೈ ತಿಂಗಳುಗಳಲ್ಲಿ. ಆದ್ದರಿಂದ ತೇವವನ್ನು ತಡೆಯದ ತೆಳ್ಳಗಿನ ಪ್ಲಾಸ್ಟಿಕ್ ತೊಟ್ಟೆ ಇದಕ್ಕೆ ಒಗ್ಗುವುದಿಲ್ಲ; ಎರಡು ಅಥವಾ ಮೂರು ಪದರಗಳ ಲ್ಯಾಮಿನೇಟ್ ಪೌಚ್ ಬೇಕು. ತೆಂಗಿನೆಣ್ಣೆಗೂ ಚಿಪ್ಸಿಗೂ ಬೆಳಕು ಮತ್ತು ಆಮ್ಲಜನಕಗಳು ಮುಖ್ಯ ಶತ್ರುಗಳಾದುದರಿಂದ, ಒಳಗಿನ ಪದಾರ್ಥ ಪೂರ್ತಿ ಕಾಣುವ ಪಾರದರ್ಶಕ ಪೌಚಿನಲ್ಲಿ ಅವು ಬೇಗ ಕಮಟು ವಾಸನೆ ಹಿಡಿಯುತ್ತವೆ. ಪುನರ್ಪುಳಿಯ ಹುಳಿಯು ಲೋಹವನ್ನು ತಿನ್ನುವುದರಿಂದ ಶರಬತ್ತಿಗೆ ಗಾಜಿನ ಅಥವಾ ಪೆಟ್ ಬಾಟಲಿಯೂ ಪ್ಲಾಸ್ಟಿಕ್ ಮುಚ್ಚಳವೂ ಸರಿಯಾದ ಆಯ್ಕೆ.

ಪೌಚಿನ ಅಳತೆಯೂ ಪದಾರ್ಥದಿಂದಲೇ ಬರುತ್ತದೆ. ಹಪ್ಪಳದ ವ್ಯಾಸ 15 ಸೆಂ.ಮೀ. ಇದ್ದರೆ ಪೌಚಿನ ಅಗಲ ಸುಮಾರು 18 ಸೆಂ.ಮೀ. ಬೇಕು, ಎತ್ತರ 22 ಸೆಂ.ಮೀ. ಇಟ್ಟುಕೊಳ್ಳಬಹುದು. ಖಾಲಿ ಪೌಚನ್ನು ಮೇಜಿನ ಮೇಲೆ ಹರಡಿದಾಗ ಇಡೀ ಮುಖ ಕಾಣುತ್ತದೆಯಾದರೂ, ಒಳಗೆ ಹಪ್ಪಳದ ಕಟ್ಟು ಸೇರಿದ ಮೇಲೆ ಎರಡೂ ಅಂಚುಗಳು ಹಿಂದಕ್ಕೆ ಬಾಗಿ, ಎದುರಿನಿಂದ ನೋಡುವವರಿಗೆ ನಡುವಿನ ಭಾಗವಷ್ಟೇ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಮೊದಲು ಒಂದು ಖಾಲಿ ಪೌಚಿಗೆ ನಿಜವಾದ ಹಪ್ಪಳವನ್ನೇ ತುಂಬಿ, ಬಾಯಿ ಸೀಲ್ ಮಾಡಿ, ಮಾರ್ಕರ್ ಪೆನ್ನಿನಿಂದ ಅದರ ಮೇಲೆಯೇ ಗುರುತು ಹಾಕಿ: ಸೀಲ್ ಎಲ್ಲಿಯ ತನಕ ಬರುತ್ತದೆ, ಜಿಪ್ ಇದ್ದರೆ ಅದು ಎಲ್ಲಿದೆ, ತೂಗುಹಾಕುವ ತೂತು ಎಲ್ಲಿದೆ, ಕೆಳಗಿನ ಮಡಿಕೆ ಎಲ್ಲಿ ಬಾಗುತ್ತದೆ, ಸಪಾಟಾಗಿ ಉಳಿಯುವ ಜಾಗ ಎಷ್ಟು. ಹಾಗೆ ಉಳಿದ ಜಾಗವೇ ನಿಮ್ಮ ನಿಜವಾದ ಕ್ಯಾನ್ವಾಸ್. ಅಂಚಿನಿಂದ 10 ಮಿ.ಮೀ. ವರೆಗಿನ ಪಟ್ಟಿಯಲ್ಲಿ ಯಾವ ಅಕ್ಷರವೂ ಬರಬಾರದು.

ಮುಂಬದಿಯಲ್ಲಿ ಏನಿರಬೇಕು

ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಪಟ್ಟಿ ಬರೆಯಿರಿ: ಮುಂಬದಿಯಲ್ಲಿ ಹೇಳಬೇಕೆಂದು ನಿಮಗನ್ನಿಸುವ ಎಲ್ಲವೂ ಅದರಲ್ಲಿರಲಿ. ಸಂಘದ ಹೆಸರು, ಊರಿನ ಹೆಸರು, ಪದಾರ್ಥದ ಹೆಸರು, ತೂಕ, ಸಂರಕ್ಷಕ ರಾಸಾಯನಿಕವಿಲ್ಲ ಎಂಬ ಮಾತು, ಬಿಸಿಲಿಗೆ ಒಣಗಿಸಿದ್ದು ಎಂಬ ಮಾತು, ದೇವರ ಚಿತ್ರ, ಹಲಸಿನ ಹಣ್ಣಿನ ಚಿತ್ರ, ಫೋನ್ ಸಂಖ್ಯೆ, ಕ್ಯೂಆರ್ ಕೋಡ್ ಹೀಗೆ ಪಟ್ಟಿ ಬೆಳೆಯುತ್ತದೆ. ಈಗ ಅದರಲ್ಲಿ ಮುಂಬದಿಗೆ ನಿಜವಾಗಿ ಬೇಕಾದವನ್ನು ಮಾತ್ರ ಉಳಿಸಿ, ಮಿಕ್ಕವನ್ನು ಹಿಂಬದಿಗೆ ಕಳಿಸಿ. ನನ್ನ ದೃಷ್ಟಿಯಲ್ಲಿ ಮುಂಬದಿಗೆ ಸಾಕಾಗುವುದು ಪದಾರ್ಥದ ಹೆಸರು, ತಯಾರಕರ ಗುರುತು, ಒಂದು ಚಿತ್ರ, ನಿವ್ವಳ ತೂಕ ಮತ್ತು ಸಸ್ಯಾಹಾರದ ಚಿಹ್ನೆ.

ಹೊಸ ತಯಾರಕರು ತಮ್ಮ ಬ್ರ್ಯಾಂಡಿನ ಹೆಸರನ್ನು ಎಲ್ಲಕ್ಕಿಂತ ದೊಡ್ಡದಾಗಿ ಹಾಕುವುದು ವಾಡಿಕೆ. ಆದರೆ ಆ ಹೆಸರನ್ನು ಕೇಳಿ ಬರುವ ಗಿರಾಕಿ ಇನ್ನೂ ಹುಟ್ಟಿಲ್ಲದ ಹಂತದಲ್ಲಿ, ಅಂಗಡಿಗೆ ಬಂದವರು ಹುಡುಕುವುದು ಹಲಸಿನಕಾಯಿ ಹಪ್ಪಳವನ್ನೇ ಹೊರತು ನಿಮ್ಮ ಸಂಘವನ್ನಲ್ಲ. ಆದ್ದರಿಂದ ಪದಾರ್ಥದ ಹೆಸರು ಅತಿ ದೊಡ್ಡದಾಗಿ ಇರಲಿ, ಬ್ರ್ಯಾಂಡಿನ ಹೆಸರು ಅದರ ಮೂರನೆಯ ಒಂದು ಭಾಗದಷ್ಟು ಗಾತ್ರದಲ್ಲಿ ಮೇಲ್ಭಾಗದಲ್ಲಿ ಇರಲಿ. ಹೆಸರು ಮನೆಮಾತಾದ ಮೇಲೆ ಈ ಪ್ರಮಾಣವನ್ನು ಬದಲಿಸಿಕೊಳ್ಳಬಹುದು.

ಮೂರು ಲಿಪಿಗಳ ವಿಷಯವನ್ನು ಇಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಮುಖ್ಯ ಲಿಪಿ ಒಂದೇ ಇರಲಿ. ಕನ್ನಡದ ನೆಲದಲ್ಲಿ ಕನ್ನಡದವರ ಕೈಯಿಂದ ತಯಾರಾಗಿ ಹೆಚ್ಚಿನ ಪಾಲು ಮಂಗಳೂರು, ಪುತ್ತೂರು, ಕುಂಬಳೆ, ಬದಿಯಡ್ಕದ ಕಡೆಗೇ ಮಾರಾಟವಾಗುವ ಹಪ್ಪಳಕ್ಕೆ ಕನ್ನಡವೇ ಮುಖ್ಯ ಲಿಪಿಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗಡಿಯ ಈಚೆಗಿನ ಕನ್ನಡವು ಬರಿಯ ಸಭೆ, ಸಮಾರಂಭಗಳಲ್ಲಿ ಉಳಿದರೆ ಸಾಲದು, ದಿನಸಿ ಅಂಗಡಿಯ ಕಪಾಟಿನಲ್ಲಿಯೂ ಎದ್ದು ಕಾಣಬೇಕು. ಹಾಗೆಂದು ಮಲಯಾಳವನ್ನು ಮೂಲೆಗೆ ತಳ್ಳುವುದೂ ಸಲ್ಲದು. ಕನ್ನಡದ ಹೆಸರಿನ ಕೆಳಗೆ ಅದರ ಅರ್ಧದಷ್ಟು ಗಾತ್ರದಲ್ಲಿ ಮಲಯಾಳ, ಅದಕ್ಕೂ ಸ್ವಲ್ಪ ಚಿಕ್ಕದಾಗಿ ಇಂಗ್ಲಿಷ್ ಎಂಬ ಮೆಟ್ಟಿಲು ಕ್ರಮವು ಮೂವರು ಓದುಗರಿಗೂ ಗೌರವ ಕೊಡುತ್ತದೆ. ಕಣ್ಣೂರಿನ ಕಡೆಗೇ ಹೆಚ್ಚು ಹೋಗುವ ಸರಕಾದರೆ ಮೇಲಿನ ಎರಡನ್ನು ಅದಲುಬದಲು ಮಾಡಿದ ಇನ್ನೊಂದು ಲೇಬಲ್ ಅಚ್ಚು ಹಾಕಿಸಬಹುದು. ಮಲಯಾಳದ ಒಕ್ಕಣೆಯನ್ನು ಫೋನಿನ ಅನುವಾದ ತಂತ್ರಾಂಶದಿಂದ ತೆಗೆಯದೆ, ಮಲಯಾಳ ಬರೆದು ಬಲ್ಲ ನೆರೆಯವರಿಂದ ಬರೆಯಿಸಿ, ಇನ್ನೊಬ್ಬರಿಂದ ಓದಿಸಿ.

ಅಕ್ಷರ

ಕನ್ನಡ ಅಕ್ಷರವನ್ನು ಜೋಡಿಸುವುದಕ್ಕೆ ಇಂಗ್ಲಿಷಿನ ನಿಯಮಗಳು ಸಾಕಾಗುವುದಿಲ್ಲ. ‘ಹಪ್ಪಳ’ ಎಂಬ ಪದವನ್ನೇ ನೋಡಿ: ಪಕಾರದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಹೆಸರು ಎರಡು ಸಾಲುಗಳಲ್ಲಿ ಬಂದು ಮೇಲಿನ ಸಾಲಿನಲ್ಲಿ ಒತ್ತಕ್ಷರವೂ ಕೆಳಗಿನ ಸಾಲಿನಲ್ಲಿ ಗುಡಿಸೂ ಇದ್ದರೆ, ಇಂಗ್ಲಿಷಿಗೆ ಸರಿಹೋಗುವ ಸಾಲಂತರದಲ್ಲಿ ಅವೆರಡೂ ಒಂದಕ್ಕೊಂದು ತಾಗುತ್ತವೆ. ಕನ್ನಡದ ಸಣ್ಣ ಬರಹಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಂತರ ಇಟ್ಟು ಆರಂಭಿಸಿ. ದೊಡ್ಡ ಶೀರ್ಷಿಕೆಯಲ್ಲಿ ಯಾವ ಒತ್ತು ಎಲ್ಲಿ ಬರುತ್ತದೆ ಎಂದು ನೋಡಿ ಕಣ್ಣಳತೆಯಿಂದ ಕಡಿಮೆ ಮಾಡಬಹುದು.

ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ ಈ ಜೋಡಿಗಳ ನಡುವಿನ ವ್ಯತ್ಯಾಸವು ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಗೀಟಿನದು ಅಥವಾ ಸೀಳಿನದು. ಪೌಚಿನ ಮೇಲೆ ಅಚ್ಚಾಗುವಾಗ ಶಾಯಿ ಸ್ವಲ್ಪ ಹರಡುವುದು ಸಹಜವಾದ್ದರಿಂದ, ಸಣ್ಣ ಗಾತ್ರದ ದಪ್ಪ ಅಕ್ಷರದಲ್ಲಿ ಈ ಸೀಳು ಮುಚ್ಚಿಹೋಗಿ ಒಂದು ಅಕ್ಷರ ಇನ್ನೊಂದಾಗಿ ಕಾಣುತ್ತದೆ. ಕಡು ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕಿದರೆ ಸುತ್ತಲಿನ ಶಾಯಿ ಒಳಕ್ಕೆ ನುಗ್ಗುವುದರಿಂದ ಅಪಾಯ ಇನ್ನೂ ಹೆಚ್ಚು. ಪದಾರ್ಥಗಳ ಪಟ್ಟಿ, ವಿಳಾಸಗಳಂತಹ ಸಣ್ಣ ಬರಹಕ್ಕೆ ಸಾಮಾನ್ಯ ದಪ್ಪದ ಅಕ್ಷರವನ್ನೇ ಬಳಸಿ, ಕನ್ನಡವನ್ನು 8 ಪಾಯಿಂಟಿಗಿಂತ ಕೆಳಗೆ ಇಳಿಸದಿರಿ, ಬಿಳಿಯ ಅಥವಾ ತಿಳಿ ಹಿನ್ನೆಲೆಯ ಮೇಲೆ ಅಪ್ಪಟ ಕಪ್ಪು ಶಾಯಿ ಒಂದರಿಂದಲೇ ಅಚ್ಚು ಹಾಕಿಸಿ. ನಾಲ್ಕು ಬಣ್ಣಗಳನ್ನು ಬೆರೆಸಿ ತಯಾರಿಸಿದ ಕಪ್ಪಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಅಂಚು ಮಸುಕಾಗುತ್ತದೆ.

ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ಶೀರ್ಷಿಕೆಯನ್ನು ಹಿಗ್ಗಿಸುವುದು, ತಂತ್ರಾಂಶದ ಗುಂಡಿ ಒತ್ತಿ ಕೃತಕವಾಗಿ ದಪ್ಪಗೊಳಿಸುವುದು, ಅಡ್ಡಕ್ಕೆ ಎಳೆದು ಅಗಲ ಮಾಡುವುದು ಇವು ಮೂರೂ ಕನ್ನಡದ ಗುಂಡಗಿನ ಚೆಲುವನ್ನು ಕೆಡಿಸುತ್ತವೆ. ದಪ್ಪ ಬೇಕಾದರೆ ದಪ್ಪವಾಗಿಯೇ ಕೆತ್ತಿದ ಫಾಂಟನ್ನು ಆರಿಸಬೇಕು. ಮೂರು ಲಿಪಿಗಳ ಲೇಬಲ್ಲಿಗೆ ಅನೇಕ್ ಎಂಬ ಫಾಂಟ್ ಕುಟುಂಬ ಬಹಳ ಉಪಯುಕ್ತವಾದುದು. ಎಕ್ ಟೈಪ್ ಸಂಸ್ಥೆ ರೂಪಿಸಿದ ಇದರಲ್ಲಿ ಕನ್ನಡ, ಮಲಯಾಳ, ದೇವನಾಗರಿ, ಇಂಗ್ಲಿಷ್ ಎಲ್ಲವೂ ಒಂದೇ ಮನೋಧರ್ಮದಲ್ಲಿ ರಚಿತವಾಗಿದ್ದು, ದಪ್ಪ ಮಾತ್ರವಲ್ಲದೆ ಅಗಲವನ್ನೂ ಕಿರಿದು ಹಿರಿದು ಮಾಡಿಕೊಳ್ಳುವ ಅವಕಾಶವಿದೆ. ಸಾಮಾನ್ಯವಾಗಿ ಉದ್ದವಾಗುವ ಮಲಯಾಳದ ಒಕ್ಕಣೆಯನ್ನು ಕಿರಿದಾದ ಅಗಲದ ರೂಪದಲ್ಲಿ ಹಾಕಿದರೆ, ಅಕ್ಷರವನ್ನು ಹಿಂಡದೆಯೇ ಕನ್ನಡದ ಸಾಲಿನ ಕೆಳಗೆ ಕೂರಿಸಬಹುದು. ಅದೇ ಸಂಸ್ಥೆಯ ಬಾಲೂ ತಮ್ಮ ಫಾಂಟ್ ತಿಂಡಿಯ ಪೊಟ್ಟಣಗಳಿಗೆ ಒಪ್ಪುವ ದುಂಡು ಅಕ್ಷರ. ಹಿಂಬದಿಯ ವಿವರಗಳಿಗೆ ನೋಟೋ ಸಾನ್ಸ್ ಕನ್ನಡ ಸಾಕು. ಇವೆಲ್ಲವೂ ಮುಕ್ತ ಪರವಾನಗಿಯವಾದ್ದರಿಂದ ವ್ಯಾಪಾರದ ಪೊಟ್ಟಣದ ಮೇಲೆ ಹಣ ತೆರದೆ ಬಳಸಬಹುದು. ಒಂದು ಪೊಟ್ಟಣಕ್ಕೆ ಎರಡು ಫಾಂಟ್ ಕುಟುಂಬಗಳಿಗಿಂತ ಹೆಚ್ಚು ಬೇಡ. ಪಾಯಿಂಟ್ ಸಂಖ್ಯೆ ಒಂದೇ ಇದ್ದರೂ ಬೇರೆ ಬೇರೆ ಲಿಪಿಗಳು ಕಣ್ಣಿಗೆ ಬೇರೆ ಗಾತ್ರದಲ್ಲಿ ಕಾಣುತ್ತವೆ ಎಂಬುದನ್ನು ನೆನಪಿಟ್ಟು, ಗಾತ್ರವನ್ನು ಅಚ್ಚಾದ ಹಾಳೆಯ ಮೇಲೆ ನೋಡಿಯೇ ಹೊಂದಿಸಿ.

ತಂತ್ರಾಂಶದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಮತ್ತು ಇಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳಿಗಾಗಿ ಇರುವ ವರ್ಲ್ಡ್ ರೆಡಿ ಎಂಬ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು, ಅರ್ಧಾಕ್ಷರಗಳ ಸಾಲಾಗಿ ಬೀಳುತ್ತವೆ. ಇಂತಹ ಒಡೆದ ಕನ್ನಡವು ಅಚ್ಚಾಗಿ ಅಂಗಡಿಗೆ ಬರುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ, ಏಕೆಂದರೆ ಅದನ್ನು ತಡೆಯಲು ಒಬ್ಬ ಕನ್ನಡಿಗ ಒಮ್ಮೆ ಓದಿ ನೋಡಿದ್ದರೆ ಸಾಕಿತ್ತು. ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತಗಳಲ್ಲಿ ಟೈಪ್ ಮಾಡಿದ ಕನ್ನಡ, ಸರಿಯಾಗಿ ಮೂಡುತ್ತದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹವು ಆ ಫಾಂಟ್ ಇಲ್ಲದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದರಿಂದ, ಮೊದಲಿನಿಂದಲೇ ಯೂನಿಕೋಡ್ ಬಳಸುವುದು ಕ್ಷೇಮ.

ಬಣ್ಣ ಮತ್ತು ಚಿತ್ರ

ಒಂದು ಮುಖ್ಯ ಬಣ್ಣ, ಅದಕ್ಕೆ ಎದ್ದು ಕಾಣುವಂತಹ ಇನ್ನೊಂದು ಬಣ್ಣ, ಜೊತೆಗೆ ಬಿಳಿ ಮತ್ತು ಕಪ್ಪು ಇಷ್ಟಿದ್ದರೆ ಸಾಕು. ಬಣ್ಣ ಆರಿಸುವ ಮೊದಲು ನಿಮ್ಮ ಸರಕನ್ನು ಇಡಲಿರುವ ಅಂಗಡಿಗೆ ಹೋಗಿ ಕಪಾಟನ್ನು ನೋಡಿ. ತಿಂಡಿಯ ಸಾಲು ಹಳದಿ, ಕೆಂಪುಗಳಿಂದ ತುಂಬಿದ್ದರೆ, ಹಲಸಿನ ಸೊಳೆ ಹಳದಿಯೆಂಬ ಕಾರಣಕ್ಕೆ ನೀವೂ ಹಳದಿಯನ್ನೇ ಹಿಡಿದರೆ ಪೊಟ್ಟಣ ಕಳೆದುಹೋಗುತ್ತದೆ. ಹಲಸಿನ ಎಲೆಯ ಕಡು ಹಸಿರು ಅಷ್ಟೇ ಅರ್ಥಪೂರ್ಣವಾಗಿದ್ದು ಬೇರೆಯಾಗಿ ಕಾಣುತ್ತದೆ. ಕಂಪ್ಯೂಟರಿನ ಪರದೆಯು ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ಸು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ಮತ್ತು ಕಿತ್ತಳೆ ಬಣ್ಣಗಳು ಶಾಯಿಯಲ್ಲಿ ಮಂಕಾಗುವುದು ಇದರಿಂದಲೇ. ಕಂದು ಕ್ರಾಫ್ಟ್ ಕಾಗದದ ಪೌಚಿನ ಮೇಲೆ ಎಲ್ಲ ಬಣ್ಣಗಳೂ ಇನ್ನಷ್ಟು ಕಪ್ಪಾಗುತ್ತವೆ. ಬೆಳ್ಳಿ ಹೊಳಪಿನ ಅಥವಾ ಪಾರದರ್ಶಕ ಫಿಲ್ಮ್ ಆದರೆ ಬಣ್ಣದ ಅಡಿಯಲ್ಲಿ ಬಿಳಿ ಶಾಯಿಯ ಪದರ ಬೇಕೇ ಬೇಕು.

ಚಿತ್ರದ ವಿಷಯದಲ್ಲಿ ನನ್ನ ಸಲಹೆ ಸರಳ: ಕರಿದು ಉಬ್ಬಿದ ಹಪ್ಪಳದ ಒಂದು ಒಳ್ಳೆಯ ಫೋಟೋ. ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು, ಎದುರು ಬದಿಯಲ್ಲಿ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ ತೆಗೆದರೆ ಫೋನಿನ ಕ್ಯಾಮೆರಾವೂ ಸಾಕು. ಬೇಕಲ ಕೋಟೆ, ಯಕ್ಷಗಾನದ ಕಿರೀಟಗಳು ನಮ್ಮ ನಾಡಿನ ಹೆಮ್ಮೆಯೇ ಆದರೂ, ಒಳಗೆ ಏನಿದೆ ಎಂಬುದನ್ನು ಅವು ಹೇಳುವುದಿಲ್ಲ. ಪ್ರವಾಸಿಗರಿಗೆಂದೇ ಮಾರುವ ಉಡುಗೊರೆ ಪೆಟ್ಟಿಗೆಯ ಮೇಲೆ ಅವುಗಳಿಗೆ ಜಾಗವಿದೆ. ಚಿತ್ರದಲ್ಲಿ ತೋರಿಸಿದ್ದು ಒಳಗಿನ ಪದಾರ್ಥಕ್ಕೆ ಹೊಂದುವಂತಿರಬೇಕು, ದಾರಿ ತಪ್ಪಿಸುವ ಚಿತ್ರಕ್ಕೆ ಕಾನೂನಿನಲ್ಲಿಯೂ ಅವಕಾಶವಿಲ್ಲ.

ಕಾನೂನಿನ ವಿವರಗಳು

ಇವನ್ನು ಕೊನೆಗೆ ಎಲ್ಲೋ ತುರುಕುವ ಬದಲು ಆರಂಭದಲ್ಲೇ ಜಾಗ ಕಾದಿರಿಸಬೇಕು. ತೂಕ ಮತ್ತು ಬೆಲೆಯ ವಿವರಗಳಿಗೆ 2011ರ ಪೊಟ್ಟಣ ಸರಕುಗಳ ನಿಯಮಗಳೂ, ಆಹಾರದ ವಿವರಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ಲೇಬಲಿಂಗ್ ನಿಯಮಗಳೂ ಅನ್ವಯಿಸುತ್ತವೆ. ಪದಾರ್ಥದ ಸಾಮಾನ್ಯ ಹೆಸರು, ತಯಾರಕರ ಪೂರ್ಣ ವಿಳಾಸ, ನಿವ್ವಳ ತೂಕ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಮಾರಾಟ ಬೆಲೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ಗ್ರಾಹಕರು ಸಂಪರ್ಕಿಸಬೇಕಾದ ಫೋನ್ ಮತ್ತು ಇಮೇಲ್, ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇವು ಬೇಕು. ಪೊಟ್ಟಣ ಒಂದು ಕಿಲೋಗಿಂತ ಕಡಿಮೆ ತೂಕದ್ದಾದರೆ ಪ್ರತಿ ಗ್ರಾಮಿನ ಬೆಲೆಯನ್ನೂ ಹಾಕಬೇಕು. 200 ಗ್ರಾಂಗೆ 80 ರೂಪಾಯಿ ಆದರೆ ಗ್ರಾಮಿಗೆ 0.40 ರೂಪಾಯಿ ಎಂದು. ಗ್ರಾಮಿನ ಸಂಕೇತ ಇಂಗ್ಲಿಷಿನ ಸಣ್ಣ ‘ಜಿ’ ಅಕ್ಷರ ಒಂದೇ, ಅದರ ಮುಂದೆ ಬೇರೆ ಅಕ್ಷರಗಳನ್ನು ಸೇರಿಸಬಾರದು. ಕನ್ನಡದ ಅಂಕಿಗಳು ಎಷ್ಟೇ ಚೆಂದವಾಗಿದ್ದರೂ ತೂಕ, ಬೆಲೆ, ದಿನಾಂಕಗಳಿಗೆ ಅಂತರರಾಷ್ಟ್ರೀಯ ಅಂಕಿಗಳನ್ನೇ ಬಳಸಬೇಕು. ಗೇರುಬೀಜ ಬಳಸಿದ ತಿಂಡಿಯಾದರೆ ಅಲರ್ಜಿಯ ಸೂಚನೆಯೂ ಬೇಕು.

ಸಸ್ಯಾಹಾರದ ಚಿಹ್ನೆಯೆಂದರೆ ಹಸಿರು ಗೆರೆಯ ಚೌಕದೊಳಗೆ ತುಂಬಿದ ಹಸಿರು ವೃತ್ತ. ನಮ್ಮ ಉದಾಹರಣೆಯ ಪೌಚಿನ ಮುಂಬದಿ 18ರಿಂದ 22 ಗುಣಿಸಿದರೆ 396 ಚದರ ಸೆಂ.ಮೀ. ಆಗುತ್ತದೆ, 100ರಿಂದ 500 ಚದರ ಸೆಂ.ಮೀ. ವರೆಗಿನ ಮುಖಕ್ಕೆ ವೃತ್ತದ ವ್ಯಾಸ ಕನಿಷ್ಠ 4 ಮಿ.ಮೀ., ಚೌಕದ ಬದಿ ಅದರ ಇಮ್ಮಡಿ. ಪದಾರ್ಥದ ಹೆಸರಿನ ಅಥವಾ ಬ್ರ್ಯಾಂಡಿನ ಹೆಸರಿನ ಹತ್ತಿರ, ಎದ್ದು ಕಾಣುವ ಹಿನ್ನೆಲೆಯ ಮೇಲೆ ಅದು ಇರಬೇಕಾದ್ದರಿಂದ, ಕಡು ಹಸಿರು ಪೌಚ್ ಆರಿಸಿದವರು ಚಿಹ್ನೆಯ ಸುತ್ತ ಬಿಳಿ ಜಾಗ ಬಿಡಬೇಕು. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಎಂಬ ಪದಗಳನ್ನು ಬಳಸುವುದಕ್ಕೂ ಅದೇ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಲ್ಲಿ ಷರತ್ತುಗಳಿವೆ. ಇಂತಹ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತಂತೂ ಆಹಾರದ ಪೊಟ್ಟಣದ ಮೇಲೆ ಬರಲೇಬಾರದು. ಬದಲಾಗಿ ‘ಬಿಸಿಲಿನಲ್ಲಿ ಒಣಗಿಸಿದ್ದು’ ಎಂಬಂತಹ, ನೀವು ನಿಜವಾಗಿ ಮಾಡುವ ಕೆಲಸವನ್ನು ಹೇಳುವ ಮಾತು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ದಿನಾಂಕ ಮತ್ತು ಬೆಲೆ ಪ್ರತಿ ಬಾರಿ ಬದಲಾಗುವುದರಿಂದ ಅವಕ್ಕೆ ಖಾಲಿ ಬಿಳಿ ಚೌಕವೊಂದನ್ನು ಬಿಡಿ, ಅದರ ಮೇಲೆ ಹೊಳಪಿನ ಲೇಪ ಬೇಡವೆಂದು ಪ್ರೆಸ್ಸಿನವರಿಗೆ ಹೇಳಿ. ಹೊಳಪಿನ ಮೇಲೆ ರಬ್ಬರ್ ಸ್ಟಾಂಪಿನ ಶಾಯಿ ಕೈತಾಗಿದರೆ ಅಳಿಸಿಹೋಗುತ್ತದೆ.

ಬಾರ್‌ಕೋಡ್ ಸೂಪರ್‌ಮಾರ್ಕೆಟ್‌ಗೆ ಕೊಡುವವರಿಗಷ್ಟೇ ಅಗತ್ಯ. ಜಿಎಸ್1 ಇಂಡಿಯಾ ಸಂಸ್ಥೆಯಿಂದ ಪಡೆಯುವ 13 ಅಂಕಿಗಳ ಈ ಸಂಖ್ಯೆ 890ರಿಂದ ಆರಂಭವಾಗುತ್ತದೆ. ಇಕ್ಕೆಲಗಳ ಖಾಲಿ ಜಾಗ ಸೇರಿ ಇದರ ಮೂಲ ಅಳತೆ 37.29 ಮಿ.ಮೀ. ಅಗಲ, 25.93 ಮಿ.ಮೀ. ಎತ್ತರ, ಶೇ. 80ಕ್ಕಿಂತ ಕಿರಿದು ಮಾಡಬಾರದು. ಸ್ಕ್ಯಾನರಿನ ಬೆಳಕು ಕೆಂಪಾದ್ದರಿಂದ ಕೆಂಪು ಗೆರೆಗಳು ಅದಕ್ಕೆ ಕಾಣುವುದಿಲ್ಲ, ಬಿಳಿಯ ಮೇಲೆ ಕಪ್ಪು ಗೆರೆಗಳೇ ಇರಲಿ.

ಅಚ್ಚಿಗೆ ಕೊಡುವುದು

ಪೌಚಿನ ಮೇಲೆಯೇ ನೇರವಾಗಿ ಅಚ್ಚು ಹಾಕುವ ಗ್ರಾವ್ಯೂರ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕಾಗುವುದರಿಂದ ದೊಡ್ಡ ಪ್ರಮಾಣಕ್ಕೆ ಮಾತ್ರ ಅದು ಗಿಟ್ಟುತ್ತದೆ. ಮೊದಲ ವರ್ಷ ಸಾದಾ ಪೌಚ್ ಕೊಂಡು, ಡಿಜಿಟಲ್ ಆಗಿ ಅಚ್ಚು ಹಾಕಿಸಿದ ಲೇಬಲ್ ಅಂಟಿಸುವುದೇ ಜಾಣತನ. ಗಿರಾಕಿಗಳ ಮಾತು ಕೇಳಿ ವಿನ್ಯಾಸ ತಿದ್ದುವ ಅವಕಾಶವೂ ಇರುತ್ತದೆ. ಲೇಬಲ್ ಕಾಗದದ್ದಾದರೆ ನಮ್ಮ ಮಳೆಗಾಲದಲ್ಲಿ ಅಂಚು ಸುರುಟಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಫಿಲ್ಮಿನ ಲೇಬಲ್ ಕೇಳಿ.

ಕಡತವನ್ನು ನಿಜ ಅಳತೆಯಲ್ಲಿ ತಯಾರಿಸಿ, ಕತ್ತರಿಸುವ ಗೆರೆಯಿಂದ ಹೊರಕ್ಕೆ ಎಲ್ಲ ಕಡೆ 3 ಮಿ.ಮೀ. ಹಿನ್ನೆಲೆ ಬಣ್ಣವನ್ನು ಚಾಚಿಸಿ, ಫೋಟೋಗಳನ್ನು ಆ ಅಳತೆಯಲ್ಲಿ ಇಂಚಿಗೆ 300 ಚುಕ್ಕೆಗಳಷ್ಟು ಸ್ಪಷ್ಟತೆಯಲ್ಲಿ ಇಡಿ. ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಔಟ್‌ಲೈನಿಗೆ, ಅಂದರೆ ಫಾಂಟಿನ ಹಂಗಿಲ್ಲದ ಬರಿಯ ಆಕೃತಿಗಳಿಗೆ, ಬದಲಿಸಿದರೆ ಪ್ರೆಸ್ಸಿನಲ್ಲಿ ಫಾಂಟ್ ಇಲ್ಲದೆ ಒತ್ತಕ್ಷರ ಒಡೆಯುವ ಭಯವಿರುವುದಿಲ್ಲ. ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಅಚ್ಚಿಗೆ ಒಪ್ಪಿಗೆ ಕೊಡುವ ಮೊದಲು ಸಾಮಾನ್ಯ ಪ್ರಿಂಟರಿನಲ್ಲಿ ನಿಜ ಗಾತ್ರದ ಪ್ರತಿ ತೆಗೆದು, ತುಂಬಿದ ಪೌಚಿಗೆ ಅಂಟಿಸಿ, ಪರಿಚಯದ ಅಂಗಡಿಯವರ ಅನುಮತಿ ಪಡೆದು ಕಪಾಟಿನಲ್ಲಿ ಬೇರೆ ಪೊಟ್ಟಣಗಳ ನಡುವೆ ಇಡಿ. ಎರಡು ಮೀಟರ್ ದೂರದಿಂದ ಪದಾರ್ಥದ ಹೆಸರು ಓದಲು ಬರಬೇಕು. ಕಣ್ಣು ಅರೆಮುಚ್ಚಿ ನೋಡಿದಾಗಲೂ ಆ ಹೆಸರೇ ಮೊದಲು ಎದ್ದು ಕಾಣಬೇಕು. ವಿನ್ಯಾಸವನ್ನು ಮೊದಲು ನೋಡಿಲ್ಲದ ಕನ್ನಡ ಬಲ್ಲ ಒಬ್ಬರಿಗೂ ಮಲಯಾಳ ಬಲ್ಲ ಒಬ್ಬರಿಗೂ ಕೊಟ್ಟು, ಇದು ಏನು, ಎಷ್ಟು ತೂಕ, ಯಾರು ತಯಾರಿಸಿದ್ದು, ಎಂದಿನ ತನಕ ಬಳಸಬಹುದು ಎಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗಾತ್ರವನ್ನೋ ಸ್ಥಾನವನ್ನೋ ಬದಲಿಸಿ, ಅಕ್ಷರ ತಪ್ಪುಗಳನ್ನು ಜೋರಾಗಿ ಓದಿ ತಿದ್ದಿ. ಬಳಿಕ ಪ್ರೆಸ್ಸಿನವರು ಅದೇ ಫಿಲ್ಮಿನ ಮೇಲೆ ತೆಗೆದುಕೊಟ್ಟ ಮಾದರಿಯನ್ನು ಹಗಲು ಬೆಳಕಿನಲ್ಲಿ ನೋಡಿ ಸಹಿ ಹಾಕಿ, ಸಹಿ ಹಾಕಿದ ಒಂದು ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ; ಮುಂದಿನ ಹಲಸಿನ ಕಾಲಕ್ಕೆ ಮರುಅಚ್ಚು ಹಾಕಿಸುವಾಗ ಬಣ್ಣವನ್ನು ಅದರೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.